ನಿಮಗಿದು ಗೊತ್ತೆ? ಮೊದಲ ಟೆಸ್ಟ್ ನಾಯಕ, ಸೇನೆಯ ಕರ್ನಲ್

ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯುಡು ಸೇನಾಧಿಕಾರಿಯೂ ಆಗಿದ್ದರು! ಹುಟ್ಟಿದ್ದು 1895ರ ಅಕ್ಟೋಬರ್ 31ರಂದು, ನಾಗಪುರದಲ್ಲಿ. 1923ರಲ್ಲಿ ಇಂದೋರಿನ ಹೋಳ್ಕರ್ ಮಹಾರಾಜರು ಕರೆಸಿಕೊಂಡು ತಮ್ಮ ಸೇನೆಯಲ್ಲಿ ಕ್ಯಾಪ್ಟನ್ ಹುದ್ದೆ ಕೊಟ್ಟರು; ಮುಂದೆ ಕರ್ನಲ್ ಆದರು.

1926ರಲ್ಲಿ ಬಾಂಬೆ ಜಿಮ್ಖಾನಾದಲ್ಲಿ ಇಂಗ್ಲೆಂಡಿನ ಎಂ.ಸಿ.ಸಿ. ತಂಡದ ವಿರುದ್ಧ ನಾಯುಡು ಹೊಡೆದದ್ದು 153 ರನ್, ಅದರಲ್ಲಿ 11 ಸಿಕ್ಸರ್!

1932ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತ ಮೊದಲ ಟೆಸ್ಟ್‌ಗೆ ಇಳಿಯಿತು. ಫೀಲ್ಡಿಂಗ್ ಮಾಡುವಾಗ ಕೈಗೆ ಬಲವಾದ ಪೆಟ್ಟು ಬಿದ್ದರೂ ನಾಯುಡು ಬ್ಯಾಟು ಹಿಡಿದು 40 ರನ್ ಗಳಿಸಿದರು. ತಂಡದ 189ರಲ್ಲಿ ಅದೇ ಅತಿ ಹೆಚ್ಚು. ಪಂದ್ಯ ಸೋತರೂ ಆ 40 ರನ್ ಯಾವ ಶತಕಕ್ಕೂ ಕಡಿಮೆಯಲ್ಲ.

ಅರುವತ್ತು ದಾಟಿದ ಮೇಲೂ ರಣಜಿ ಆಡಿದರು. 23 ವರ್ಷದೊಳಗಿನವರ ರಾಷ್ಟ್ರೀಯ ಟ್ರೋಫಿಗೆ ಇಂದಿಗೂ ‘ಕರ್ನಲ್ ಸಿ.ಕೆ. ನಾಯುಡು’ ಎಂದೇ ಹೆಸರು.