ಮೊದಲ ಡಿಜೆ ಕಂಟ್ರೋಲರ್: ಕೊಳ್ಳುವ ಮುನ್ನ

ಹಂಪಿಯ ಎದುರಿಗೆ, ತುಂಗಭದ್ರೆಯ ಆಚೆ ಇರುವ ವಿರೂಪಾಪುರಗಡ್ಡೆಯ ಹೆಸರನ್ನು ಬಹಳ ಮಂದಿ ಕೇಳಿದ್ದೀರಿ. ಗದ್ದೆ-ಬಂಡೆಗಳ ನಡುವಿನ ಅಲ್ಲಿನ ಅತಿಥಿಗೃಹಗಳಲ್ಲಿ ಒಂದು ಕಾಲಕ್ಕೆ ದೇಶವಿದೇಶಗಳ ಪ್ರವಾಸಿಗರು ತಂಗುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್ ತಿಂಗಳಲ್ಲಿ ಆ ಕಟ್ಟಡಗಳನ್ನು ತೆರವುಗೊಳಿಸಲಾಯಿತು. ಅಲ್ಲಿ ದುಡಿಯುತ್ತಿದ್ದವರು ಬೇರೆ ಕೆಲಸ ಹುಡುಕಬೇಕಾಯಿತು. ಚಿತ್ರೀಕರಣಕ್ಕೆಂದು ಆ ಕಡೆ ಹೋಗಿದ್ದಾಗ ಅಂಥ ಒಬ್ಬ ಯುವಕ ನನ್ನನ್ನು ಕೇಳಿದ: “ಸರ, ಮದುವಿ, ಗಣಪತಿ ಮೆರವಣಿಗಿಗೆ ಡಿಜೆ ಹಚ್ಚಬೇಕಂತ ಮಾಡೀನ್ರಿ. ಸಾಲ ಮಾಡಿ ನಾಕು ಚಾನೆಲ್ಲಿನ ಕಂಟ್ರೋಲರ್ ತಗೊಳ್ಳೇನ್ರಿ?”

ಇದು ಇನ್ನೂ ಅನೇಕ ಯುವಕರ ಪ್ರಶ್ನೆಯಾಗಿರಬಹುದು. ಆದ್ದರಿಂದ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮಲ್ಲಿ ಡಿಜೆ ಎಂದರೆ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳು ಎಂಬ ಭಾವನೆ ಇದೆ. ಕಂಟ್ರೋಲರ್ ಅದಲ್ಲ. ಅದು ಧ್ವನಿಯನ್ನು ದೊಡ್ಡದು ಮಾಡುವ ಯಂತ್ರವೂ ಅಲ್ಲ. ಹಾಡುಗಳು ಲ್ಯಾಪ್‌ಟಾಪಿನಲ್ಲಿರುತ್ತವೆ, ಅವುಗಳನ್ನು ನುಡಿಸುವುದು ಅದರೊಳಗಿನ ಸಾಫ್ಟ್‌ವೇರ್. ಕಂಟ್ರೋಲರ್ ಆ ಸಾಫ್ಟ್‌ವೇರಿಗೆ ಕೈಯ ಆಜ್ಞೆಗಳನ್ನು ಮುಟ್ಟಿಸುತ್ತದೆ. ಎರಡು ಚಕ್ರಗಳು, ನಡುವೆ ಮಿಕ್ಸರ್, ಒಳಗೊಂದು ಸೌಂಡ್ ಕಾರ್ಡ್, ಇಷ್ಟೇ ಅದರ ಅಂಗಾಂಗ. ಸಭೆ ಒಂದು ಹಾಡನ್ನು ಕೇಳುತ್ತಿರುವಾಗ ಮುಂದಿನ ಹಾಡನ್ನು ನೀವೊಬ್ಬರೇ ಹೆಡ್‌ಫೋನಿನಲ್ಲಿ ಕೇಳಿ ಸಿದ್ಧಪಡಿಸಿಕೊಳ್ಳಲು ಈ ಸೌಂಡ್ ಕಾರ್ಡ್ ನೆರವಾಗುತ್ತದೆ.

ಹಾಗೆ ಸಿದ್ಧಪಡಿಸುವುದೆಂದರೇನು? ಒಂದು ಹಾಡಿನ ತಾಳ ನಿಮಿಷಕ್ಕೆ 120 ಬೀಟ್, ಇನ್ನೊಂದರದು 121 ಎಂದುಕೊಳ್ಳಿ. ಎರಡನ್ನೂ ಒಟ್ಟಿಗೆ ಆರಂಭಿಸಿದರೆ 30 ಸೆಕೆಂಡುಗಳಲ್ಲಿ ಅರ್ಧ ಬೀಟಿನ ಅಂತರ ಬೀಳುತ್ತದೆ. ಹೆಜ್ಜೆ ತಪ್ಪಿದ ಜೋಡೆತ್ತಿನ ಗಾಡಿಯಂತೆ ತಾಳ ಕುಲುಕುತ್ತದೆ. ಮೊದಲ ಹಾಡಿನ ವೇಗವನ್ನು ಶೇಕಡಾ 0.83ರಷ್ಟು ಹೆಚ್ಚಿಸಿದರೆ ಎರಡೂ ಕೂಡುತ್ತವೆ. ಇಷ್ಟು ಸಣ್ಣ ಬದಲಾವಣೆಯನ್ನು ಕೈಯಿಂದ ಮಾಡಬೇಕಾದ್ದರಿಂದ ವೇಗದ ಸ್ಲೈಡರ್ ಉದ್ದವಾಗಿದ್ದಷ್ಟೂ ಅನುಕೂಲ.

“ಸಿಂಕ್ ಬಟನ್ ಒತ್ತಿದರ ತಾನ ಕೂಡ್ತದಲ್ರಿ” ಎಂದ ಆ ಯುವಕ. ನಿಜ. ಆದರೆ ಹಲಗೆ, ಡೊಳ್ಳು ಮುಂತಾಗಿ ಮನುಷ್ಯರು ಬಾರಿಸಿದ ತಾಳದ ವೇಗ ಹಾಡಿನುದ್ದಕ್ಕೂ ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಅಂಥಲ್ಲಿ ಸಾಫ್ಟ್‌ವೇರಿನ ಲೆಕ್ಕ ತಪ್ಪಬಹುದು. ಜಾನಪದ ಹಾಡುಗಳನ್ನೇ ಹೆಚ್ಚಾಗಿ ಕೇಳುವ ನಮ್ಮ ಮದುವೆಗಳಲ್ಲಿ ಕಿವಿಯ ಅಭ್ಯಾಸ ಬೇಕೇ ಬೇಕು.

ಹಾಗಾದರೆ ಕೊಳ್ಳುವಾಗ ಏನನ್ನು ನೋಡಬೇಕು? ಮೊದಲಿಗೆ ಎರಡು ಚಾನೆಲ್ ಧಾರಾಳ ಸಾಕು. ಪಯೋನಿಯರ್ ಡಿಜೆಯ ಡಿಡಿಜೆ-ಎಫ್‌ಎಲ್‌ಎಕ್ಸ್4, ಹರ್ಕ್ಯುಲಿಸ್‌ನ ಇನ್‌ಪಲ್ಸ್ 300 ಇವು ಕಲಿಯುವವರಿಗೆಂದೇ ಬಂದ ಮಾದರಿಗಳು. ಎರಡನೆಯದರಲ್ಲಿ ತಾಳ ಮುಂದಾಯಿತೇ ಹಿಂದಾಯಿತೇ ಎಂಬುದನ್ನು ತೋರಿಸುವ ದೀಪಗಳಿವೆ. ಜೊತೆಗೆ ಬರುವ ಸಾಫ್ಟ್‌ವೇರ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆಯೇ, ಯಾವ ಸೌಲಭ್ಯಕ್ಕೆ ಬೇರೆ ಹಣ ಕೊಡಬೇಕು ಎಂಬುದನ್ನು ಮೊದಲೇ ವಿಚಾರಿಸಿ. ಹೆಡ್‌ಫೋನ್ ತಂತಿಯದೇ ಇರಲಿ. ಬ್ಲೂಟೂತಿನಲ್ಲಿ ಧ್ವನಿ ತಡವಾಗಿ ಬರುವುದರಿಂದ ತಾಳ ಕೂಡಿಸಲಾಗದು. ಹಳೆಯದನ್ನು ಕೊಳ್ಳುವುದಾದರೆ ಎಲ್ಲ ಗುಂಡಿ, ಸ್ಲೈಡರುಗಳನ್ನೂ ಲ್ಯಾಪ್‌ಟಾಪಿಗೆ ಜೋಡಿಸಿಯೇ ಪರೀಕ್ಷಿಸಿ. ಸ್ಲೈಡರ್ ಸರಿಸುವಾಗ ಕರಕರ ಸದ್ದು ಬಂದರೆ ಬಿಟ್ಟುಬಿಡಿ.

ಇನ್ನೊಂದು ಮಾತು. ಮಿಕ್ಸರಿನ ದೀಪ ಕೆಂಪಿಗೆ ಏರಲು ಬಿಡಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಮೀಟರ್ ಗಮನಿಸದೆ ಒಂದು ಸಂದರ್ಶನವನ್ನು ಪೂರ್ತಿ ಒಡಕು ಧ್ವನಿಯಲ್ಲಿ ಮುದ್ರಿಸಿಕೊಂಡು ಬಂದಿದ್ದೆ. ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಹಾಗೆ ಒಡೆದ ಧ್ವನಿಯನ್ನು ಜೋರಾಗಿ ನುಡಿಸುತ್ತಿದ್ದರೆ ಸ್ಪೀಕರೂ ಸುಟ್ಟುಹೋಗಬಹುದು.

ಸ್ಪೀಕರ್ ಸುಟ್ಟರೆ ಬದಲಿಸಬಹುದು, ಕಿವಿಯನ್ನು ಬದಲಿಸಲಾಗದು. ಕಾರ್ಮಿಕರ ಆರೋಗ್ಯಕ್ಕೆ ಬಳಸುವ ಒಂದು ಅಳತೆಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಸದ್ದು 3 ಡೆಸಿಬೆಲ್ ಹೆಚ್ಚಿದಂತೆಲ್ಲ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ ಮಾತ್ರ! ಮೆರವಣಿಗೆ ನೋಡುವವರು ಮನೆಗೆ ಹೋಗುತ್ತಾರೆ. ಡಿಜೆ ಹುಡುಗ ಪೆಟ್ಟಿಗೆಗಳ ಹತ್ತಿರವೇ ಗಂಟೆಗಟ್ಟಲೆ ನಿಂತಿರುತ್ತಾನೆ. ಕಾನೂನನ್ನೂ ತಿಳಿದಿರಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಹಚ್ಚುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಬರೀ ಅಬ್ಬರವನ್ನೇ ನಂಬಿ ಸಾಲ ಮಾಡಿದವನ ಕಸುಬು ಒಂದು ಪೊಲೀಸ್ ಆದೇಶಕ್ಕೆ ನಿಂತುಹೋಗಬಹುದು.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟು: “ತಮ್ಮಾ, ಸಾಲ ಬೇಡ. ಕೈಯಲ್ಲಿರುವ ದುಡ್ಡಿಗೆ ಎರಡು ಚಾನೆಲ್ಲಿನದನ್ನು ತೆಗೆದುಕೊಂಡು ಮೂರು ತಿಂಗಳು ಮನೆಯಲ್ಲೇ ಹೆಡ್‌ಫೋನ್ ಹಾಕಿ ಕಲಿ. ಆಮೇಲೆ ಪೆಟ್ಟಿಗೆಗಳನ್ನು ಬಾಡಿಗೆಗೆ ತಂದು ಒಂದು ಮದುವೆ ಮಾಡಿ ನೋಡು. ಆ ದುಡಿಮೆಯಲ್ಲಿ ಮುಂದಿನದನ್ನು ಕೊಳ್ಳುವೆಯಂತೆ.” ಕೆಲಸವನ್ನು ಒಮ್ಮೆ ಕಳೆದುಕೊಂಡವನ ಮೇಲೆ ಕಂತಿನ ಭಾರವೂ ಬೀಳಬಾರದೆಂಬುದೇ ನನ್ನ ಆಸೆ.