ಎರಡು ಲೈನಿನ ಮನೆಗೊಬ್ಬ ಕರಣಿಕ

“ಮಾಮಾ, ಬ್ಯಾಂಕಿನವ್ರು ಮತ್ತ ಹೊರಗ ಹಾಕಿದ್ರು ನೋಡ್ರಿ” ಎಂದು ತಂಗಿಯ ಮಗಳು ಮೊಬೈಲನ್ನು ನನ್ನ ಮುಂದೆ ಹಿಡಿದಾಗ, ಮಹಾರಾಷ್ಟ್ರದ ಮಂಗಳವೇಢೆಯ ಆ ಮನೆಗೆ ಎರಡನೆಯ ಇಂಟರ್‌ನೆಟ್ ಲೈನು ಬಂದು ವಾರವೂ ತುಂಬಿರಲಿಲ್ಲ. ಮೊದಲಿನಿಂದ ಇದ್ದುದು ಫೈಬರು. ಊರ ಹೊರಗೆಲ್ಲೋ ರಸ್ತೆ ಅಗೆಯುವ ಯಂತ್ರವು ಅದನ್ನು ತುಂಡರಿಸಿದಾಗಲೆಲ್ಲ, ಪುಣೆಯ ಕಂಪನಿಯೊಂದಕ್ಕೆ ಮನೆಯಲ್ಲೇ ಕುಳಿತು ದುಡಿಯುವ ಆ ಹುಡುಗಿಯ ಕೆಲಸವು ದಿನಗಟ್ಟಲೆ ನಿಂತುಹೋಗುತ್ತಿದ್ದುದರಿಂದ, ಮಾಳಿಗೆಯ ಮೇಲೊಂದು ಡಬ್ಬಿಯನ್ನಿಟ್ಟು ಟವರಿನ ಸಂಕೇತವನ್ನು ಹಿಡಿಯುವ ಬೇರೊಂದು ಕಂಪನಿಯ ಲೈನನ್ನೂ ಮನೆಯವರು ತೆಗೆದುಕೊಂಡಿದ್ದರು. ಹೀಗೆ ಖಾತೆ ಎರಡು, ಬಿಲ್ಲು ಎರಡು, ನಡುವೆ ಇವೆರಡನ್ನೂ ಹಂಚಿಕೊಡಬೇಕಾದ ರೌಟರು ಒಂದು.

ನೂರು ಎಂಬಿಪಿಎಸ್‌ನ ಲೈನಿಗೆ ಐವತ್ತರದು ಕೂಡಿದರೆ ನೂರೈವತ್ತಾಗಬೇಕಲ್ಲವೇ ಎಂಬುದು ಭಾವನವರ ಪ್ರಶ್ನೆ. ಹೊಲದಲ್ಲಿ ಎರಡು ಬಾವಿಗಳ ನೀರನ್ನು ಒಂದೇ ಕಾಲುವೆಗೆ ಬಿಟ್ಟು ಬೆಳೆ ತೆಗೆದವರಿಗೆ ಇದಕ್ಕಿಂತ ಸಹಜವಾದ ಪ್ರಶ್ನೆ ಬೇರೊಂದಿರಲಾರದು. ಆದರೆ ನೀರಿನ ಹನಿಗೆ ತಾನು ಯಾವ ಬಾವಿಯದೆಂಬ ಗುರುತಿಲ್ಲ; ಇಂಟರ್‌ನೆಟ್ಟಿನಲ್ಲಿ ಚಲಿಸುವ ಪ್ಯಾಕೆಟ್ಟಿಗಾದರೋ, ಕಳುಹಿಸಿದವರ ವಿಳಾಸವನ್ನೂ ಸೇರಬೇಕಾದ ವಿಳಾಸವನ್ನೂ ಹೊತ್ತುಕೊಂಡೇ ಹೊರಡಬೇಕೆಂಬ ನಿಯಮವಿದೆ. ಫೈಬರಿನ ಖಾತೆಗೆ ಕಂಪನಿಯು ಕೊಟ್ಟ ವಿಳಾಸ ಒಂದಾದರೆ, ಡಬ್ಬಿಯ ಖಾತೆಗೆ ಕೊಟ್ಟದ್ದು ಇನ್ನೊಂದು. ಆದಕಾರಣ ಫೈಬರಿನ ಮೂಲಕ ಕೇಳಿದ ಪ್ರಶ್ನೆಗೆ ಉತ್ತರವು ಫೈಬರಿನ ಬಾಗಿಲಿಗೇ ಬರುತ್ತದಲ್ಲದೆ, ಡಬ್ಬಿಯ ಬಾಗಿಲು ಖಾಲಿ ಇದೆಯೆಂದು ಅರ್ಧ ದಾರಿಯಲ್ಲಿ ತಿರುಗಿ ಬರುವಂತಿಲ್ಲ.

ಈ ಕಾರಣದಿಂದ ರೌಟರನ್ನು ಕಾಲುವೆಯ ನೀರು ತಿರುವುವವನಿಗೆ ಹೋಲಿಸುವುದಕ್ಕಿಂತ ಕರಣಿಕನಿಗೆ ಹೋಲಿಸುವುದೇ ಯುಕ್ತವೆಂದು ನನಗೆ ತೋರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲಚುರಿ ಬಿಜ್ಜಳನ ಆಶ್ರಯದಲ್ಲಿ ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದರೆಂದು ಪರಂಪರೆಯು ನಂಬಿಕೊಂಡು ಬಂದಿರುವ ಈ ಊರಿನಲ್ಲಿ ಆ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ. ಮನೆಯೊಳಗಿನ ಮೊಬೈಲು, ಲ್ಯಾಪ್‌ಟಾಪು, ಟಿವಿ ಇವೆಲ್ಲಕ್ಕೂ ರೌಟರು ಕೊಡುವುದು 192.168 ಎಂದು ಆರಂಭವಾಗುವ ಒಳವಿಳಾಸಗಳನ್ನು. ಇಂಟರ್‌ನೆಟ್ಟಿನ ನಾಲ್ಕನೆಯ ಆವೃತ್ತಿಯ (ಐಪಿವಿ4) ವಿಳಾಸಪದ್ಧತಿಯಲ್ಲಿ ಜಗತ್ತಿಗೆಲ್ಲ ಸೇರಿ ಇರುವುದೇ ಸುಮಾರು 430 ಕೋಟಿ ವಿಳಾಸಗಳಾದ್ದರಿಂದ, 1996ರಲ್ಲಿ ಸಿದ್ಧವಾದ ದಾಖಲೆಯೊಂದು ಕೆಲವು ಶ್ರೇಣಿಗಳನ್ನು ಖಾಸಗಿ ಬಳಕೆಗೆಂದೇ ತೆಗೆದಿರಿಸಿತು. ನಿಮ್ಮ ಮನೆಯಲ್ಲಿರುವ ಒಳವಿಳಾಸವೇ ನೆರೆಮನೆಯಲ್ಲಿದ್ದರೂ ಬಾಧೆಯಿಲ್ಲ. ಆದರೆ ಆ ವಿಳಾಸವನ್ನು ಹೊತ್ತು ಹೊರಗೆ ಹೋಗಲಾಗದು. ಆಗ ರೌಟರು ತನ್ನ ಕಿರ್ದಿಯಲ್ಲಿ, ಇಂಥ ಲ್ಯಾಪ್‌ಟಾಪು, ಇಂಥ ಲೈನು, ಇಂಥ ಪೋರ್ಟಿನ ಸಂಖ್ಯೆ, ಹೊರಗಿನ ಇಂಥ ವಿಳಾಸ ಎಂದು ಒಂದು ಸಾಲನ್ನು ಬರೆದು, ಆ ಲೈನಿನ ಹೊರವಿಳಾಸವನ್ನು ಪ್ಯಾಕೆಟ್ಟಿಗೆ ಹಚ್ಚಿ ಕಳುಹಿಸುತ್ತದೆ. ಉತ್ತರ ಬಂದೊಡನೆ ಕಿರ್ದಿಯನ್ನು ನೋಡಿ ಒಳಗಿನ ಒಡೆಯನಿಗೆ ಒಪ್ಪಿಸುತ್ತದೆ. ಲೈನು ಎರಡಾದಾಗ ಹೆಚ್ಚಿದ್ದು ಇಷ್ಟೆ: ಹೊಸ ಸಾಲನ್ನು ಬರೆಯುವ ಪ್ರತಿಯೊಂದು ಸಲವೂ ಅದನ್ನು ಯಾವ ಖಾತೆಗೆ ಬರೆಯಬೇಕೆಂದು ಕರಣಿಕನು ನಿರ್ಣಯಿಸಬೇಕಾಗುತ್ತದೆ. ಎರಡಕ್ಕೊಂದರ ಪ್ರಮಾಣವನ್ನು ವಿಧಿಸಿದರೆ, ಸುಮಾರಾಗಿ ಎರಡು ಸಂಪರ್ಕಗಳು ಫೈಬರಿಗೆ, ಒಂದು ಡಬ್ಬಿಗೆ. ಒಮ್ಮೆ ಬರೆದ ಮೇಲೆ ಆ ಸಂಪರ್ಕವು ಮುಗಿಯುವ ತನಕ ಖಾತೆ ಬದಲಾಗದು.

ಭಾವನವರ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಅಡಗಿದೆ. ಒಂದೇ ಸಂಪರ್ಕದಲ್ಲಿ ಇಳಿಸಿಕೊಳ್ಳುವ ಒಂದು ಸಿನಿಮಾ ನೂರರ ವೇಗದಲ್ಲೋ ಐವತ್ತರ ವೇಗದಲ್ಲೋ ಬಂದೀತೇ ಹೊರತು ನೂರೈವತ್ತರಲ್ಲಿ ಬಾರದು. ಮಗಳ ಮೀಟಿಂಗು, ಮಗನ ಪಾಠ, ಅಜ್ಜಿಯ ಧಾರಾವಾಹಿ ಮೂರೂ ಏಕಕಾಲಕ್ಕೆ ನಡೆದಾಗ ನೂರೈವತ್ತೂ ಉಪಯೋಗಕ್ಕೆ ಬರುತ್ತದೆ. ಒಂದೇ ಸಂಪರ್ಕವನ್ನು ಎರಡು ದಾರಿಗಳಿಗೂ ಹರಡುವ ವಿಧಾನವೂ ಇದೆಯಾದರೂ, ಅದಕ್ಕೆ ಆಚೆಯ ತುದಿಯ ಸಮ್ಮತಿ ಬೇಕಾಗುವುದರಿಂದ ಸಾಮಾನ್ಯ ಮನೆಗಳ ಮಟ್ಟಿಗೆ ಅದು ದೂರದ ಮಾತು.

ಇನ್ನು ಬ್ಯಾಂಕಿನ ಸಂಗತಿ. ಒಂದು ಪುಟವನ್ನು ತೆರೆಯುವಾಗ ಮೊಬೈಲು ಹಲವು ಸಂಪರ್ಕಗಳನ್ನು ಮಾಡುತ್ತದೆ. ಮೊದಲನೆಯದು ಫೈಬರಿನಿಂದ, ಮರುಕ್ಷಣದ್ದು ಡಬ್ಬಿಯಿಂದ ಹೋದರೆ, ಒಬ್ಬಳೇ ಹುಡುಗಿ ಎರಡು ವಿಳಾಸಗಳಿಂದ ಮಾತನಾಡುತ್ತಿರುವಂತೆ ಬ್ಯಾಂಕಿಗೆ ಕಾಣುತ್ತದೆ. ಹಣದ ಕಾವಲಿಗೆ ನಿಂತ ವ್ಯವಸ್ಥೆಯು ಸಂಶಯಪಟ್ಟು ಬಾಗಿಲು ಮುಚ್ಚಿದರೆ ಅದರ ತಪ್ಪೆನ್ನಲಾಗದು. ಪರಿಹಾರವು ರೌಟರಿನಲ್ಲಿಯೇ ಇದೆ. ಮನೆಯ ಇಂಥ ಸಾಧನವು ಹೊರಗಿನ ಇಂಥ ವಿಳಾಸದೊಡನೆ ಒಂದು ಲೈನಿನಲ್ಲಿ ಮಾತು ತೊಡಗಿದರೆ ಕೆಲಹೊತ್ತು ಅದೇ ಲೈನಿಗೆ ಅಂಟಿಕೊಂಡಿರಲಿ ಎಂದು ವಿಧಿಸಬಹುದು. ಇದಕ್ಕಿಂತ ದೃಢವಾದುದೆಂದರೆ, ಬ್ಯಾಂಕು ಮತ್ತು ಕಚೇರಿಯ ಕೆಲಸದ ಸಾಧನಗಳನ್ನು ಫೈಬರಿಗೇ ಕಟ್ಟಿಹಾಕುವುದು. ಡಬ್ಬಿಯ ಪ್ಲ್ಯಾನಿಗೆ ತಿಂಗಳ ಮಿತಿ ಇದ್ದುದರಿಂದ ಟಿವಿಯನ್ನೂ ಫೈಬರಿಗೇ ಕಟ್ಟಿದೆವು.

ಇದನ್ನೆಲ್ಲ ಮಾಡುವುದಕ್ಕೆ ಕಂಪನಿಯವರು ಪುಕ್ಕಟೆಯಾಗಿ ಕೊಡುವ ರೌಟರು ಸಾಮಾನ್ಯವಾಗಿ ಸಾಲದು. ಹೊರಲೈನಿಗೆಂದು ಎರಡು ಬಾಯಿಗಳುಳ್ಳದ್ದು ಬೇಕು, ಅಥವಾ ಓಪನ್‌ಡಬ್ಲ್ಯುಆರ್‌ಟಿಯಂಥ ಮುಕ್ತ ತಂತ್ರಾಂಶವನ್ನು ಒಪ್ಪುವಂಥದಾಗಿರಬೇಕು. ನಮ್ಮ ಅರ್ಧ ದಿನವನ್ನು ತಿಂದ ತೊಡಕು ಮಾತ್ರ ಬೇರೆಯೇ. ಎರಡು ಕಂಪನಿಗಳ ಪೆಟ್ಟಿಗೆಗಳೂ ತಮ್ಮನ್ನು 192.168.1.1 ಎಂದೇ ಕರೆದುಕೊಳ್ಳುತ್ತಿದ್ದವು. ಒಂದೇ ಹೆಸರಿನ ಎರಡು ಊರುಗಳ ನಡುವೆ ನಿಂತ ಟಪಾಲಿನವನಂತೆ ನಮ್ಮ ರೌಟರು ಕಕ್ಕಾಬಿಕ್ಕಿಯಾಗಿತ್ತು, ಒಂದನ್ನು 192.168.2.1 ಎಂದು ಬದಲಿಸಿದೊಡನೆ ಎರಡು ದೀಪಗಳೂ ಹಸಿರಾದವು.

ಲೈನು ಸತ್ತಿತೆಂದು ಅರಿಯುವ ಬಗೆಯಲ್ಲೂ ಜಾಗ್ರತೆ ಬೇಕು. ಮನೆಯಿಂದ ಮೊದಲ ಪೆಟ್ಟಿಗೆಯವರೆಗೆ ತಂತಿ ನೆಟ್ಟಗಿದ್ದು, ಹರಿದದ್ದು ಹತ್ತು ಮೈಲಿಯಾಚೆಗಾದರೆ, ಹತ್ತಿರದಲ್ಲೇ ವಿಚಾರಿಸುವ ರೌಟರಿಗೆ ಎಲ್ಲವೂ ಕ್ಷೇಮವಾಗಿಯೇ ಕಾಣುತ್ತದೆ. ಆದ್ದರಿಂದ ಕೆಲವು ಸೆಕೆಂಡಿಗೊಮ್ಮೆ 8.8.8.8ರಂಥ ದೂರದ ವಿಳಾಸವನ್ನು ಕೂಗಿ, ಮೂರು ಸಲ ಓಗೊಡದಿದ್ದರೆ ಆ ಲೈನನ್ನು ಕಿರ್ದಿಯಿಂದ ಹೊರಗಿಡುವಂತೆ ವಿಧಿಸಿದೆವು. ಆಗಲೂ, ನಡೆಯುತ್ತಿದ್ದ ವಿಡಿಯೋ ಕರೆಯು ಮುರಿಯಬಹುದು, ಹೊರವಿಳಾಸ ಬದಲಾಯಿತಲ್ಲವೇ. ಮತ್ತೆ ಕರೆದರೆ ಇನ್ನೊಂದು ಲೈನಿನಿಂದ ಸೇರುತ್ತದೆ. ಕರೆಂಟು ಹೋದಾಗಲಾದರೋ ಎರಡು ಖಾತೆಗಳೂ ಒಟ್ಟಿಗೇ ಮಲಗುವುದರಿಂದ, ಮೂರು ಪೆಟ್ಟಿಗೆಗಳಿಗೂ ಇನ್‌ವರ್ಟರಿನ ಆಸರೆ ಅವಶ್ಯ.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಈ ಜನಕ್ಕೆ ರೌಟರಿನ ಪುಟವು ಇಂಗ್ಲಿಷಿನಲ್ಲಿ ಮಾತ್ರ ತೆರೆದದ್ದು ನನಗೆ ಬಹಳ ಖೇದವನ್ನುಂಟುಮಾಡಿತು. ಎರಡು ಬಿಲ್ಲುಗಳನ್ನು ತುಂಬುವ ಭಾವನವರು, ತಮ್ಮ ಮನೆಯ ಕರಣಿಕನಿಗೆ ಯಾವ ಅಪ್ಪಣೆಯಾಗಿದೆಯೆಂದು ತಾವೇ ಓದಿ ತಿಳಿಯುವಂತಾಗಬೇಡವೆ? ನಾನು ಹೊರಡುವ ದಿನ ತಂಗಿಯ ಮಗಳು ಒಂದು ಹಾಳೆಯಲ್ಲಿ ದಪ್ಪ ಅಕ್ಷರಗಳಿಂದ, “ಫೈಬರ್: ಆಫೀಸು, ಬ್ಯಾಂಕು, ಟಿವಿ. ಡಬ್ಬಿ: ತಮ್ಮನ ಪಾಠ, ಉಳಿದ ಮೊಬೈಲು. ಒಂದು ಕೆಟ್ಟರೆ ಎಲ್ಲಾ ಇನ್ನೊಂದಕ್ಕ. ಆಗ ಟಿವಿ ಬಂದ್” ಎಂದು ಬರೆದು ರೌಟರಿನ ಮೇಲಣ ಗೋಡೆಗೆ ಅಂಟಿಸಿದಳು. ಅಜ್ಜಿಯು ಕನ್ನಡಕ ತರಿಸಿಕೊಂಡು ಅದನ್ನು ಕೊನೆಯ ತನಕ ಓದಿ, ಟಿವಿಯ ಸಾಲಿನ ಮೇಲೆ ಬೆರಳಿಟ್ಟು, ಎಷ್ಟು ಹೊತ್ತು ಎಂದು ಕೇಳಿದರು.