ಅಡಿಗಲ್ಲಿಗೆ ಸಿಗದ ಅಂತರ್ಜಲ

ಬೋರ್ ಲಾರಿ ಬಂದ ರಾತ್ರಿ ಕೋಲಾರದ ಹಳ್ಳಿಗಳಲ್ಲಿ ಯಾರಿಗೂ ನಿದ್ದೆಯಿಲ್ಲ. ತಮಿಳುನಾಡಿನ ನಂಬರಿನ ಎರಡು ಲಾರಿ, ಒಂದರಲ್ಲಿ ರಿಗ್, ಇನ್ನೊಂದರಲ್ಲಿ ರಾಡು. ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ ತೋರಿಸಿದ ಜಾಗಕ್ಕೆ ಅರಿಶಿನ, ಕುಂಕುಮ, ನಿಂಬೆಹಣ್ಣು. ಆಮೇಲೆ ಕಿವಿ ಗಡಚಿಕ್ಕುವ ಸದ್ದು. ಪಕ್ಕದ ಟೊಮೆಟೊ ಸಾಲು, ಹಿಪ್ಪುನೇರಳೆ ಸೊಪ್ಪು, ನಿಂತವರ ರೆಪ್ಪೆ ಎಲ್ಲವೂ ಕಲ್ಲಿನ ಧೂಳಿನಿಂದ ಬೆಳ್ಳಗಾಗುತ್ತವೆ. ಮೇಲೆ ಬಂದ ಪುಡಿಯನ್ನು ಮನೆಯವರು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಾರೆ, ತೇವ ಇದೆಯಾ ಎಂದು. ಸಾವಿರದ ಇನ್ನೂರು ಅಡಿಗೆ ಲಾರಿಯವನು ಮುಖ ನೋಡುತ್ತಾನೆ. ‘ಇನ್ನೊಂದು ನೂರು ಹೋಗ್ಲಿ ಬಿಡಣ್ಣ’ ಅನ್ನುತ್ತಾನೆ ಹೊಲದವನು. ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ಹೆಂಡತಿಯ ಸರ ಆಗಲೇ ಬ್ಯಾಂಕಿನಲ್ಲಿದೆ.

ಇದಕ್ಕೆಲ್ಲ ಕಾನೂನಿಲ್ಲವೆಂದಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ ಐನೂರು ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂಬ ಕಾಯ್ದೆ 1999ರಲ್ಲೇ ಬಂತು. ಅಧಿಸೂಚಿತ ಪ್ರದೇಶಗಳಲ್ಲಿ ಪ್ರಾಧಿಕಾರದ ಒಪ್ಪಿಗೆ ಬೇಕೆಂಬ ಅಂತರ್ಜಲ ಕಾಯ್ದೆ 2011ರದು. 2024ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ವಿಫಲವಾದ ಕೊಳವೆಬಾವಿಗೆ ಮಕ್ಕಳು ಬೀಳದಂತೆ ಅದನ್ನು ಮುಚ್ಚಿಸುವುದು ಅದರ ಗುರಿ. ಬೇಕಾದದ್ದೇ. ಆದರೆ ಆ ತಿದ್ದುಪಡಿ ಬಾವಿಯ ಬಾಯಿಯದು, ತಳದ್ದಲ್ಲ. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟು ವೋಟು ಕೇಳುವ ಶಾಸಕರು ಬೋರ್ ಲಾರಿಯನ್ನು ನಿಲ್ಲಿಸಿ ‘ಅನುಮತಿ ಎಲ್ಲಿ?’ ಎಂದು ಕೇಳಿಸುವರೇ?

ನರಸಾಪುರದ ಕಡೆಗೆ ಬಂದರೆ ನೋಟ ಬೇರೆ. ಲಕ್ಷ್ಮೀಸಾಗರ ಕೆರೆಯಲ್ಲಿ ನೀರು ತುಂಬಿ ನಿಂತಿದೆ. ಮಳೆಯ ನೀರಲ್ಲ, ಬೆಂಗಳೂರಿನವರು ಮಿಂದು, ತೊಳೆದು, ಚರಂಡಿಗೆ ಬಿಟ್ಟದ್ದು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತ ಶುದ್ಧವಾಗಿ, ಪೈಪು ಹಿಡಿದು ಬಂದು, ಇಲ್ಲಿಂದ ಕೋಡಿ ಹರಿದು ಕೆರೆಯಿಂದ ಕೆರೆಗೆ ಇಳಿಯುತ್ತದೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಕೆ.ಸಿ. ವ್ಯಾಲಿ ಯೋಜನೆಯ ಲೆಕ್ಕ. ಶಾಶ್ವತವಾಗಿ ಹರಿಯುವ ನದಿಯಿಲ್ಲದ ಜಿಲ್ಲೆಯ ಪೂರ್ವಿಕರು ಮಳೆಗಾಗಿ ಕಟ್ಟಿದ ಸರಪಣಿ ಕೆರೆಗಳೇ ರಾಜಧಾನಿಯ ಬಚ್ಚಲು ನೀರಿಗೂ ದಾರಿಯಾದವು.

ಉಪಕಾರ ಆಗಿಲ್ಲವೆಂದು ಯಾರೂ ಹೇಳುವುದಿಲ್ಲ. ಬತ್ತಿದ್ದ ತೆರೆದ ಬಾವಿಗಳಲ್ಲಿ ನೀರು ಕಂಡಿತು, ಸತ್ತ ಬೋರ್‌ವೆಲ್‌ಗಳಿಗೆ ಜೀವ ಬಂತು. ಆದರೆ 2018ರ ಜುಲೈನಲ್ಲಿ ನೀರು ಬಂದ ಹೊಸತರಲ್ಲೇ ಈ ಲಕ್ಷ್ಮೀಸಾಗರದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಏಳುವಂಥದ್ದೇ ನೊರೆ ಎದ್ದಿತ್ತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿ ಹೈಕೋರ್ಟಿಗೆ ಹೋದರು. ತಡೆ ಬಂತು, ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಕೆಲವೇ ತಿಂಗಳಲ್ಲಿ ಅದೂ ತೆರವಾಯಿತು. ಬೇಡಿಕೆ ಮಾತ್ರ ಅಂದಿನದೇ: ಮೂರನೇ ಹಂತದ ಶುದ್ಧೀಕರಣ ಮಾಡಿ ಕಳಿಸಿ. ಕೆರೆಯ ನೀರು ಕೆರೆಯಲ್ಲೇ ಉಳಿಯುವುದಿಲ್ಲ, ಇಂಗುತ್ತದೆ. ಮೊದಲೇ ಫ್ಲೋರೈಡ್ ಕುಡಿದು ಹಲ್ಲು ಕಂದಿದ ನಾಡು. ಇಂಗಿದ ನೀರಿನಲ್ಲಿ ಮತ್ತೇನಾದರೂ ಸೇರಿದರೆ ಮೇಲೆತ್ತಿ ತೊಳೆಯುವಂತಿಲ್ಲ.

ಕಟ್ಟೆಯ ಮೇಲೆ ಕೂತವರ ಮಾತು ಎಲ್ಲಿಂದ ಶುರುವಾದರೂ ಪಶ್ಚಿಮ ಘಟ್ಟದಿಂದ ಈ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ ಬಂದು ನಿಲ್ಲುತ್ತದೆ. 8,323 ಕೋಟಿ ಎಂದಿದ್ದ ಯೋಜನೆ 12,912 ಕೋಟಿ ಆಯಿತು, ಆಮೇಲೆ 23,251 ಕೋಟಿ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆ ಸಕಲೇಶಪುರದ ಕಡೆ, ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ. ನಡುವೆ, 2016ರ ಮಾರ್ಚ್‌ನಲ್ಲಿ ಸಹನೆ ಕೆಟ್ಟ ರೈತರು ಟ್ರ್ಯಾಕ್ಟರ್ ಏರಿ ವಿಧಾನಸೌಧದತ್ತ ಹೊರಟಿದ್ದರು. ಬಳ್ಳಾರಿ ರಸ್ತೆ ಸ್ತಬ್ಧವಾಯಿತು, ಲಾಠಿ ಬೀಸಿತು. ‘ನೀರು ಕೇಳೋಕೆ ಹೋದವರಿಗೆ ಏಟು, ಕೊಡ್ತೀನಿ ಅಂದವರಿಗೆ ಹಾರ’ ಎಂದು ಒಬ್ಬ ಹಿರಿಯರು ಎಲೆ ಅಡಿಕೆ ಉಗಿದು ಹೇಳುತ್ತಾರೆ. ಯಾರೂ ಎದುರಾಡುವುದಿಲ್ಲ.

ಪಕ್ಷ ಯಾವುದೇ ಇರಲಿ, ಮಾತಾಡುವುದು ಬರುವ ನೀರಿನ ಬಗ್ಗೆ: ಪೈಪಿನ ಸುತ್ತಳತೆ, ಪಂಪಿನ ಶಕ್ತಿ, ಟಿಎಂಸಿ. ಅದಕ್ಕೆ ಅಡಿಗಲ್ಲಿದೆ, ಗುತ್ತಿಗೆಯಿದೆ, ಬಾಗಿನವಿದೆ, ಫೋಟೊ ಇದೆ. ಇರುವ ನೀರನ್ನು ಕಾಯುವ ಕೆಲಸಕ್ಕೆ ಇವು ಯಾವುವೂ ಇಲ್ಲ. ರಾಜಕಾಲುವೆಯ ಒತ್ತುವರಿ ಬಿಡಿಸಿದರೆ ನಾಲ್ಕು ಮನೆಯ ವೋಟು ಹೋಗುತ್ತದೆ. ನೀಲಗಿರಿ ತೋಪು ಕೀಳಿಸಿದರೆ ಇನ್ನೆಂಟು. 2025ರ ಆಗಸ್ಟ್‌ನಲ್ಲಿ ಇದೇ ವಿಧಾನಸಭೆ ಕೆರೆಗಳ ಸುತ್ತ ಇರಬೇಕಾದ 30 ಮೀಟರ್ ಮೀಸಲು ಅಂಚನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಿರಿದಾಗಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ನೀರು ತರಲು ದಶಕಗಳನ್ನೇ ಕಳೆದವರಿಗೆ ಅಂಚು ಕತ್ತರಿಸಲು ಒಂದು ಅಧಿವೇಶನ ಸಾಕಾಯಿತು.

ಈಗೀಗ ಗ್ರಾಮಸಭೆಯ ಪ್ರಶ್ನೆ ಬದಲಾಗುತ್ತಿದೆ. ‘ನೀರು ಯಾವಾಗ ಬರುತ್ತೆ ಸಾರ್?’ ಎಂದು ಕೈಮುಗಿಯುತ್ತಿದ್ದ ಊರುಗಳಲ್ಲಿ ಓದಿದ ಹುಡುಗರು ಎದ್ದು ನಿಂತು, ಬಂದ ನೀರಿನ ಪರೀಕ್ಷಾ ವರದಿ ಪಂಚಾಯಿತಿ ಬೋರ್ಡಿಗೆ ಹಾಕಿ ಎನ್ನುತ್ತಾರೆ. ಮೂರನೇ ಹಂತಕ್ಕೆ ಬಜೆಟ್‌ನಲ್ಲಿ ಎಷ್ಟಿಟ್ಟಿರಿ ಎಂದು ಕೇಳುತ್ತಾರೆ. ಭರವಸೆಯಿಂದ ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದು. ಒಂದಕ್ಕೆ ಕಾಗದ ಬೇಕು, ಇನ್ನೊಂದಕ್ಕೆ ದುಡ್ಡು. ಎರಡನ್ನೂ ಕೊಡುವ ಅಧಿಕಾರ ಇರುವುದು ವಿಧಾನಸೌಧದಲ್ಲಿ ಕೂತವರಿಗೆ.